ಬಿರಿಯಿಂದ ಬ್ರೇಕಿಗೆ: ಹುಣಸೂರು ಸೀಮೆಯಲ್ಲಿ ವಾಹನ ನಿಲ್ಲಿಸುವ ವಿದ್ಯೆ

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ವಾಹನಗಳು ಇಂದು ಕೆಎ-45 ಎಂಬ ಒಂದೇ ನೋಂದಣಿ ಗುರುತಿನಡಿ ಬರುತ್ತವೆ. ಹಿಂದೆ ಚಾಲನಾ ಪರವಾನಗಿಗಾಗಿ ಮೈಸೂರಿಗೆ ಹೋಗಬೇಕಾಗಿದ್ದ ಈ ಸೀಮೆಯವರು ಈಗ ಹುಣಸೂರಿನ ಸಾರಿಗೆ ಕಚೇರಿಗೆ ಬರುತ್ತಾರೆ. ಅಲ್ಲಿ ಪರೀಕ್ಷೆಗೆ ಕೂರುವ ಕಲಿಕಾ ಚಾಲಕನಿಗೆ ಹೊರಡುವುದು, ಗೇರು ಬದಲಿಸುವುದು, ತಿರುಗಿಸುವುದು ಎಷ್ಟು ಮುಖ್ಯವೋ ನಿಲ್ಲಿಸುವುದೂ ಅಷ್ಟೇ ಮುಖ್ಯ. ಕನ್ನಡಿ ನೋಡಿ, ಸಂಜ್ಞೆ ಕೊಟ್ಟು, ಆಕ್ಸಿಲರೇಟರಿನಿಂದ ಕಾಲೆತ್ತಿ, ಬ್ರೇಕನ್ನು ಹದವಾಗಿ ಒತ್ತುತ್ತ ರಸ್ತೆಯ ಎಡಕ್ಕೆ ಸರಿದು, ಇಂಜಿನ್ ನಡುಗುವುದಕ್ಕೆ ಸ್ವಲ್ಪ ಮುಂಚೆ ಕ್ಲಚ್ ತುಳಿದು, ವಾಹನ ಪೂರ್ತಿ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿಗೆ ತಂದು, ಆಮೇಲಷ್ಟೇ ಪಾದಗಳನ್ನು ಸಡಿಲಿಸುವ ಈ ಸರಣಿಯನ್ನು ಒಬ್ಬನೇ ವ್ಯಕ್ತಿ ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಈ ಸೀಮೆಯ ರಸ್ತೆಗಳ ಚರಿತ್ರೆಯನ್ನು ಗಮನಿಸಿದರೆ, ಸರಣಿಯ ಒಂದೊಂದು ಅಂಗವೂ ಒಂದು ಕಾಲಕ್ಕೆ ಬೇರೆ ಬೇರೆಯವರ ಪಾಲಿನ ಕೆಲಸವಾಗಿತ್ತು ಎಂಬುದು ತಿಳಿಯುತ್ತದೆ. ಎತ್ತುಗಳು, ಗಾಡಿಯ ಹಿಂದೆ ನಡೆಯುತ್ತಿದ್ದ ಆಳು, ಲಾರಿಯ ಕ್ಲೀನರ್, ಬಸ್ಸಿನ ಕಂಡಕ್ಟರ್ ಹಂಚಿಕೊಂಡು ಮಾಡುತ್ತಿದ್ದ ಕೆಲಸವೆಲ್ಲ ಕ್ರಮೇಣ ಸ್ಟಿಯರಿಂಗ್ ಹಿಡಿದವನೊಬ್ಬನ ಮೇಲೆ ಬಂದು ಕೂತ ಬಗೆಯೇ ಇಲ್ಲಿನ ಚಾಲನಾ ವಿದ್ಯೆಯ ಇತಿಹಾಸ.

ಹುಣಸೂರಿಗೆ ಎತ್ತು ಮತ್ತು ಬಂಡಿಗಳ ಸಂಬಂಧ ಬಹು ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಹೆಸರಾಗಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂಬ ಹೆಸರಿಟ್ಟನು. ಅದರ ಎತ್ತುಗಳು ಸೈನ್ಯದ ಫಿರಂಗಿಗಳನ್ನೂ ಸಾಮಾನು ಸರಂಜಾಮುಗಳನ್ನೂ ಎಳೆಯಲೆಂದೇ ಬೆಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಬ್ರಿಟಿಷ್ ಸೈನ್ಯ ಈ ತಳಿಯನ್ನು ತನ್ನ ವಶಕ್ಕೆ ತೆಗೆದುಕೊಂಡಾಗ ಅದರ ಆಡಳಿತದ ನೆಲೆ ಹುಣಸೂರಾಯಿತು. ಸೈನ್ಯಕ್ಕೆ ಬೇಕಾದ ಸಾಮಗ್ರಿ ಒದಗಿಸುವ ಕಮಿಸರಿಯೆಟ್ ಇಲಾಖೆ ಅಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ ಮತ್ತು ಮರದ ಅಂಗಳವನ್ನು ನಡೆಸುತ್ತಿತ್ತು. 1864ರ ಹೊತ್ತಿಗೆ ಸರ್ಕಾರಿ ಕಾರ್ಖಾನೆಗಳು ಮುಚ್ಚಿದರೂ ಅಲ್ಲಿ ಪಳಗಿದ ಕೆಲಸಗಾರರು ಊರು ಬಿಡಲಿಲ್ಲ. ಕೊಡಗಿನ ಕಾಫಿ ಇಳಿದು ಬರುತ್ತಿದ್ದ ದಾರಿಯಲ್ಲಿ, ಕಾಫಿ ಹದಮಾಡುವ ಕೇಂದ್ರವೂ ಆಗಿದ್ದ ಈ ಪಟ್ಟಣದಲ್ಲಿ ಮರ, ಕಬ್ಬಿಣ ಮತ್ತು ಚರ್ಮ ಮೂರರಲ್ಲೂ ಕೈ ಪಳಗಿದ ಕುಶಲಿಗಳು ಉಳಿದುಕೊಂಡಿದ್ದರಿಂದ ಒಳ್ಳೆಯ ಬಂಡಿಗೂ ಒಳ್ಳೆಯ ಎತ್ತಿಗೂ ಇಲ್ಲಿ ಬರವಿರಲಿಲ್ಲ.

ಎತ್ತಿನ ಬಂಡಿಯನ್ನು ನಿಲ್ಲಿಸುವುದು ನೋಡಲು ಸುಲಭ, ಮಾಡಲು ಕಷ್ಟ. ಬಂಡಿಯ ಉದ್ದಕ್ಕೂ ಚಾಚಿದ ಮರ ಈಸು, ಅದರ ಮುಂದಿನ ತುದಿ ಮೂಕಿ. ಮೂಕಿಗೆ ಅಡ್ಡಲಾಗಿ ಕಟ್ಟಿದ ನೊಗ ಎತ್ತುಗಳ ಹೆಗಲ ಮೇಲೆ ಕೂತಿರುತ್ತದೆ, ಕೊರಳ ಕೆಳಗೆ ಬಳಸಿದ ಜತ್ತಿಗೆಯೆಂಬ ಪಟ್ಟಿ ನೊಗ ಜಾರದಂತೆ ಹಿಡಿಯುತ್ತದೆ. ಈ ಏರ್ಪಾಟೆಲ್ಲ ಎಳೆಯುವುದಕ್ಕಾಗಿ ಆದದ್ದು, ತಡೆಯುವುದಕ್ಕಾಗಿ ಅಲ್ಲ. ಮಟ್ಟಸ ನೆಲದಲ್ಲಿ ಗಾಡಿ ಹೊಡೆಯುವವನು ಬಾಯಲ್ಲಿ ಹೋ ಹೋ ಎನ್ನುತ್ತ ಮೂಗುದಾರದ ಹಗ್ಗವನ್ನು ಎರಡೂ ಕೈಯಿಂದ ಸಮವಾಗಿ ಹಿಂದಕ್ಕೆಳೆದರೆ ಸಾಕು, ಎತ್ತು ಹೆಜ್ಜೆ ತಗ್ಗಿಸುತ್ತದೆ ಮತ್ತು ಕಬ್ಬಿಣದ ಪಟ್ಟಿ ಬಿಗಿದ ಮರದ ಚಕ್ರ ಮಣ್ಣಿನ ಹಾದಿಯ ಒರಟಿಗೆ ತಾನೇ ನಿಲ್ಲುತ್ತದೆ. ಒಂದೇ ಬದಿಯ ಹಗ್ಗವನ್ನು ಜಗ್ಗಿದರೆ ಬಂಡಿ ನಿಲ್ಲುವ ಬದಲು ತಿರುಗುತ್ತದೆ, ಥಟ್ಟನೆ ಜಗ್ಗಿದರೆ ಮೂಗು ಹರಿದು ಎತ್ತು ಬೆದರುತ್ತದೆ. ಹದವಾಗಿ, ಎರಡೂ ಕಡೆ ಸಮನಾಗಿ, ಮೊದಲೇ ತಿಳಿಯುವಂತೆ ತಡೆಯಬೇಕೆಂಬ ಪಾಠ ಈ ನೆಲದಲ್ಲಿ ಮೋಟಾರಿಗಿಂತ ಎಷ್ಟೋ ಮುಂಚೆಯೇ ಗಾಡಿ ಹೊಡೆಯುವವರ ಕೈಗಳಿಗೆ ಗೊತ್ತಿತ್ತು.

ಇಳಿಜಾರಿನಲ್ಲಿ ಕಥೆ ಬೇರೆ. ಭಾರ ತುಂಬಿದ ಬಂಡಿ ಎತ್ತುಗಳ ಹಿಂದೆ ನುಗ್ಗಿ ನೊಗವನ್ನು ಕೊಂಬಿನ ಬುಡದವರೆಗೆ ತಳ್ಳುತ್ತದೆ. ಲಕ್ಷ್ಮಣತೀರ್ಥ ನದಿಯ ದಡ ಇಳಿಯುವಾಗಲಾಗಲಿ, ಕೊಡಗಿನ ಕಡೆಯ ಘಟ್ಟದಿಂದ ಬರುವಾಗಲಾಗಲಿ ಗಾಡಿಯವನು ಮೂಕಿಯಿಂದ ಕೆಳಗಿಳಿದು ಎತ್ತುಗಳ ಮುಂದೆ ನಡೆಯುತ್ತಿದ್ದನು. ಜೊತೆಯ ಆಳು ಹಿಂದಿನಿಂದ ಬಂಡಿಗೆ ಜೋತುಬಿದ್ದು ಭಾರವನ್ನು ಹಿಂದಕ್ಕೆ ಹಾಕುತ್ತಿದ್ದನು, ಇಲ್ಲವೇ ಬಿರಿ ಒತ್ತುತ್ತಿದ್ದನು. ಬಿರಿ ಎಂದರೆ ಎರಡು ಚಕ್ರಗಳಿಗೂ ತಗಲುವಂತೆ ಅಡ್ಡಲಾಗಿ ಹಗ್ಗದಲ್ಲೋ ತಿರುಪಿನಲ್ಲೋ ಕಟ್ಟಿದ ಮರದ ದಿಂಡು. ಅದನ್ನು ಇಳಿಜಾರು ಶುರುವಾಗುವ ಮೊದಲೇ ಬಿಗಿಯಬೇಕು, ಬಂಡಿ ಓಟಕ್ಕೆ ಬಿದ್ದ ಮೇಲೆ ಬಿಗಿದರೆ ಮರ ಸುಡುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ. ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಅದೇ ಆಳು ಚಕ್ರದ ಹಿಂದೆ ಕಲ್ಲು ಕೊಡುತ್ತಿದ್ದನು, ಎತ್ತುಗಳು ಮತ್ತೆ ನೊಗಕ್ಕೆ ಹೆಗಲು ಕೊಟ್ಟು ಚಕ್ರ ಒಂದು ಗೇಣು ಮುಂದೆ ಸರಿದ ಮೇಲಷ್ಟೇ ಕಲ್ಲು ತೆಗೆಯುತ್ತಿದ್ದನು. ಏರುದಾರಿಯಲ್ಲಿ ಹಿಂದಕ್ಕೆ ಜಾರದೆ ಹೊರಡುವ ಇಂದಿನ ಪರೀಕ್ಷೆಯ ತಿರುಳು ಇದೇ: ಮುನ್ನಡೆಸುವ ಬಲ ಚಕ್ರವನ್ನು ಹಿಡಿದುಕೊಂಡಿದೆ ಎಂದು ಖಚಿತವಾದ ಮೇಲೆ ತಡೆಯನ್ನು ಬಿಡುವುದು.

ಚುಂಚನಕಟ್ಟೆಯ ದನಗಳ ಜಾತ್ರೆ ಇಂದಿಗೂ ಈ ಸೀಮೆಯ ಎತ್ತುಗಳ ದೊಡ್ಡ ಮಾರುಕಟ್ಟೆ. ಎತ್ತು ಕೊಳ್ಳುವ ರೈತ ಸುಳಿ, ಹಲ್ಲು, ನಡಿಗೆಗಳನ್ನು ನೋಡುವಂತೆಯೇ ಮಾತಿಗೆ ನಿಲ್ಲುತ್ತದೆಯೇ ಎಂಬುದನ್ನೂ ನೋಡುತ್ತಾನೆ. ಮುಂದೆ ಮರದ ಚಕ್ರದ ಜಾಗಕ್ಕೆ ರಬ್ಬರ್ ಟೈರ್ ಬಂದು ಟೈರ್ ಗಾಡಿಗಳು ಹರಡಿದಾಗ ಎಳೆಯುವುದು ಹಗುರವಾಯಿತು, ತಡೆಯುವುದು ಭಾರವಾಯಿತು. ಉರುಳುವಿಕೆಯ ಘರ್ಷಣೆ ಕಡಿಮೆಯಾದಷ್ಟೂ ಗಾಡಿ ತಾನಾಗಿ ನಿಲ್ಲುವುದಿಲ್ಲ. ಟಾರು ರಸ್ತೆ, ರಬ್ಬರ್ ಟೈರು, ತುಂಬಿದ ಹೇರು ಮೂರೂ ಸೇರಿದಾಗ ಎತ್ತುಗಳ ಕೊರಳ ಮೇಲೆ ಬೀಳುತ್ತಿದ್ದ ಒತ್ತಡವನ್ನು ಕಣ್ಣಾರೆ ಕಂಡವರಿಗೆ, ವೇಗದ ಪ್ರತಿಯೊಂದು ಸುಧಾರಣೆಯೂ ನಿಲುಗಡೆಗೆ ಹೊಸ ಉತ್ತರವನ್ನು ಕೇಳುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೋಟಾರು ಬಂದಾಗ ತಡೆಯುವ ಕೆಲಸ ಎತ್ತಿನ ಮೂಗಿನಿಂದ ಮನುಷ್ಯನ ಪಾದಕ್ಕೆ ವರ್ಗವಾಯಿತು. ಆದರೆ ಆರಂಭದ ವಾಹನಗಳ ಬ್ರೇಕು ಸಲಾಕೆ ಮತ್ತು ತಂತಿಗಳಿಂದ ನಡೆಯುತ್ತಿದ್ದದ್ದು. ನಾಲ್ಕು ಚಕ್ರಗಳಿಗೂ ಸಮನಾದ ಒತ್ತಡ ಕೊಡುವ ದ್ರವಚಾಲಿತ ಬ್ರೇಕು 1920ರ ದಶಕದಲ್ಲಿ ಅಮೆರಿಕದ ಕಾರುಗಳಲ್ಲಿ ಬಂದು ನಿಧಾನವಾಗಿ ಉಳಿದೆಡೆ ಹರಡಿತು. ಬಹುಕಾಲದವರೆಗೆ ಈ ಸೀಮೆಯ ಚಾಲಕರು ಬ್ರೇಕನ್ನು ನಂಬಿದ್ದಕ್ಕಿಂತ ಗೇರನ್ನು ನಂಬಿದ್ದೇ ಹೆಚ್ಚು. 1954ರಲ್ಲಿ ಟಾಟಾ ಸಂಸ್ಥೆ ಡೈಮ್ಲರ್-ಬೆನ್ಜ್ ಜೊತೆಗೂಡಿ ಲಾರಿ ತಯಾರಿಕೆಗೆ ತೊಡಗಿದ ಮೇಲೆ ರಸ್ತೆಗೆ ಬಂದ ಮೂತಿ ಲಾರಿಗಳನ್ನು ಓಡಿಸಿದ ತಲೆಮಾರು ಡಬಲ್ ಕ್ಲಚ್ ಎಂಬ ವಿದ್ಯೆಯನ್ನು ಕಲಿಯಲೇಬೇಕಿತ್ತು. ಗೇರಿನ ಹಲ್ಲುಗಳ ವೇಗ ತಾನಾಗಿ ಹೊಂದಿಕೊಳ್ಳದ ಹಳೆಯ ಪೆಟ್ಟಿಗೆಗಳಲ್ಲಿ ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ಚನ್ನು ಎರಡು ಬಾರಿ ತುಳಿದು, ನಡುವೆ ನ್ಯೂಟ್ರಲ್ಲಿನಲ್ಲಿ ಆಕ್ಸಿಲರೇಟರ್ ಒಮ್ಮೆ ಕೊಟ್ಟು, ಇಂಜಿನ್ನಿನ ಸದ್ದನ್ನು ಕಿವಿಯಿಂದಲೇ ಅಳೆದು ಗೇರು ಹಾಕಬೇಕು. ಮಡಿಕೇರಿಯಿಂದ ಇಳಿದು ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣಗಳ ಮೂಲಕ ಹುಣಸೂರಿಗೆ ಬರುವ ಲಾರಿಗೆ ಘಟ್ಟದ ನೆತ್ತಿಯಲ್ಲೇ ಗೇರು ಇಳಿಸಿಕೊಳ್ಳುವುದು ನಿಯಮವಾಗಿತ್ತು. ಏರುವ ಗೇರಿನಲ್ಲೇ ಇಳಿ ಎಂದು ಹಿರಿಯರು ಕಲಿಸುತ್ತಿದ್ದದ್ದಕ್ಕೆ ಕಾರಣ ಸ್ಪಷ್ಟ: ಡ್ರಮ್ ಬ್ರೇಕು ಸತತವಾಗಿ ಉಜ್ಜಿದರೆ ಕಾಯುತ್ತದೆ, ಕಾದರೆ ಹಿಡಿತ ಸೋಲುತ್ತದೆ, ಸೋತ ಬ್ರೇಕು ತಣ್ಣಗಾಗುವವರೆಗೆ ಎಷ್ಟು ಬಲವಾಗಿ ತುಳಿದರೂ ಪ್ರಯೋಜನವಿಲ್ಲ. ಬಿರಿಯನ್ನು ಇಳಿಜಾರಿಗೆ ಮೊದಲೇ ಬಿಗಿಯುವ ಗಾಡಿಯವನ ತಿಳಿವಳಿಕೆ ಇಲ್ಲಿ ಬೇರೆ ರೂಪದಲ್ಲಿ ಮುಂದುವರಿಯಿತು.

ಆ ಕಾಲದ ಚಾಲಕರಲ್ಲಿ ಬಹುಮಂದಿ ಶಾಲೆಯಲ್ಲಿ ಕಲಿತವರಲ್ಲ. ಕ್ಲೀನರ್ ಆಗಿ ಲಾರಿ ಹತ್ತಿದ ಹುಡುಗ ಮೊದಲು ತೊಳೆಯುವುದನ್ನು, ಆಮೇಲೆ ಟೈರು ಬಿಚ್ಚುವುದನ್ನು, ಆಮೇಲೆ ನಿಲ್ಲಿಸುವ ಕೆಲಸದಲ್ಲಿ ತನ್ನ ಪಾಲನ್ನು ಕಲಿಯುತ್ತಿದ್ದನು. ಸ್ಟಿಯರಿಂಗ್ ಅವನ ಕೈಗೆ ಬರುತ್ತಿದ್ದದ್ದು ಎಲ್ಲಕ್ಕೂ ಕೊನೆಗೆ. ಚಾಲಕನ ಬಲಗಡೆ ಕಾಣುವುದು ಚಾಲಕನ ಹೊಣೆ, ಎಡಗಡೆ ಮತ್ತು ಹಿಂದುಗಡೆ ಕಾಣುವುದು ಕ್ಲೀನರನ ಹೊಣೆ. ಎಡಬಾಗಿಲಿನಿಂದ ಅರ್ಧ ಮೈ ಹೊರಹಾಕಿ ಹಿಂದೆ ಯಾರು ಬರುತ್ತಿದ್ದಾರೆಂದು ಕೂಗುವುದು, ಲಾರಿಯ ಪಕ್ಕದ ಹಲಗೆಯನ್ನು ತಟ್ಟಿ ನಿಲ್ಲು ಹೋಗು ಎಂದು ತಿಳಿಸುವುದು, ಏರಿನಲ್ಲಿ ನಿಂತ ಕೂಡಲೇ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಡುವುದು ಅವನ ಕೆಲಸ. ಇಂದಿನ ಕಲಿಕಾ ಚಾಲಕನ ಎಡಗನ್ನಡಿ ಮತ್ತು ಹ್ಯಾಂಡ್‌ಬ್ರೇಕು ಎರಡೂ ಆ ಹುಡುಗನ ಕಣ್ಣು ಮತ್ತು ಕೈಗಳ ಸ್ಥಾನದಲ್ಲಿವೆ.

ಬಸ್ಸಿನಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟವಾಗಿತ್ತು. ಖಾಸಗಿಯವರ ಕೈಯಲ್ಲಿದ್ದ, ಎರಡನೇ ಮಹಾಯುದ್ಧದ ಪೆಟ್ರೋಲ್ ಅಭಾವದ ದಿನಗಳಲ್ಲಿ ಇದ್ದಿಲ ಅನಿಲದಿಂದಲೂ ಓಡಿದ ಬಸ್ಸುಗಳ ಕಾಲದ ನಂತರ, ಮೈಸೂರು ಸರ್ಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಡನೆ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಅದೇ 1961ರಲ್ಲಿ ನಿಗಮವಾಗಿ, ಮುಂದೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವಾಯಿತು. ಅದರ ಕೆಂಪು ಬಸ್ಸು ಎಲ್ಲಿ ನಿಲ್ಲಬೇಕೆಂದು ನಿರ್ಧರಿಸುತ್ತಿದ್ದವನು ಚಾಲಕನಲ್ಲ, ಕಂಡಕ್ಟರ್. ಒಂದು ಸೀಟಿ ಊದಿ ಹೋಲ್ಡಾನ್ ಎಂದರೆ ನಿಲ್ಲಬೇಕು, ಎರಡು ಸೀಟಿ ಊದಿ ರೈಟ್ ರೈಟ್ ಎಂದರೆ ಹೊರಡಬೇಕು. ಇಳಿಯುವವರು ಮೆಟ್ಟಿಲ ಮೇಲಿದ್ದಾರೆಯೇ, ಹತ್ತುವವರ ಕಾಲು ನೆಲ ಬಿಟ್ಟಿದೆಯೇ ಎಂಬುದು ಹಿಂಬಾಗಿಲಲ್ಲಿ ನಿಂತವನಿಗೇ ಕಾಣುವುದರಿಂದ ಆ ಅಧಿಕಾರ ಅವನಿಗೆ ಸಂದದ್ದು ನ್ಯಾಯವಾಗಿಯೇ ಇತ್ತು. ತಲೆಯ ಮೇಲಿನ ಸರಳನ್ನು ಹಿಡಿದು ನಿಂತ ಪ್ರಯಾಣಿಕರು ಒಬ್ಬರ ಮೇಲೊಬ್ಬರು ವಾಲದಂತೆ ಬಸ್ಸು ನಿಲ್ಲಿಸುವವನನ್ನು ಹಳ್ಳಿಯ ಜನ ಹೆಸರಿನಿಂದ ಗುರುತಿಸುತ್ತಿದ್ದರು, ಮತ್ತು ಆ ಮನ್ನಣೆ ಸರಿಯಾದದ್ದೇ. ಬ್ರೇಕನ್ನು ಆರಂಭದಲ್ಲಿ ಮೆಲ್ಲಗೆ, ನಡುವೆ ಬಲವಾಗಿ, ಚಕ್ರ ನಿಲ್ಲುವ ಕೊನೆಯ ಅಡಿಯಲ್ಲಿ ಮತ್ತೆ ಸಡಿಲವಾಗಿ ಹಿಡಿಯುವ ಚಾಲಕನ ಬಸ್ಸು ಮುಗ್ಗರಿಸುವುದಿಲ್ಲ. ಕೊನೆಯವರೆಗೂ ಒಂದೇ ಬಲದಲ್ಲಿ ಒತ್ತಿ ಹಿಡಿದರೆ ವಾಹನ ನಿಂತ ಕ್ಷಣದಲ್ಲಿ ಮುಂದೆ ಬಾಗಿದ ಅದರ ಮೈ ಹಿಂದಕ್ಕೆ ಚಿಮ್ಮುತ್ತದೆ. ಪರೀಕ್ಷೆಗೆ ಸಿದ್ಧವಾಗುವವರು ಕಲಿಯಬೇಕಾದ ಅತ್ಯಂತ ಸೂಕ್ಷ್ಮವಾದ ಅಂಶ ಇದು. ಪುಸ್ತಕದಿಂದ ಇದು ಬರುವುದಿಲ್ಲ, ಪಾದದ ಬೆರಳ ಬುಡಕ್ಕೆ ಅಭ್ಯಾಸವಾಗಬೇಕು.

ಕಾನೂನು ಈ ವಿದ್ಯೆಯನ್ನು ಬರಹಕ್ಕಿಳಿಸಿದ್ದು ಹಂತಹಂತವಾಗಿ. ಬ್ರಿಟನ್ನಿನಲ್ಲಿ 1903ರಲ್ಲೇ ಪರವಾನಗಿ ಬಂದಿದ್ದರೂ ಹೊಸ ಚಾಲಕರಿಗೆ ಪರೀಕ್ಷೆ ಕಡ್ಡಾಯವಾದದ್ದು 1935ರ ಜೂನ್‌ನಲ್ಲಿ. ಬ್ರಿಟಿಷ್ ಭಾರತದಲ್ಲಿ 1914ರ ಕಾಯ್ದೆಯ ಬಳಿಕ ಬಂದ 1939ರ ಮೋಟಾರು ವಾಹನ ಕಾಯ್ದೆ ತನ್ನ ಮೂರನೇ ಅನುಸೂಚಿಯಲ್ಲಿ ಚಾಲನಾ ಸಾಮರ್ಥ್ಯದ ಪರೀಕ್ಷೆ ಹೇಗಿರಬೇಕೆಂದು ವಿವರಿಸಿತು. ಸ್ವಾತಂತ್ರ್ಯಾನಂತರ ಅದು ಮೈಸೂರು ರಾಜ್ಯಕ್ಕೂ ಅನ್ವಯವಾಗಿ, 1963ರಲ್ಲಿ ಮೈಸೂರು ಮೋಟಾರು ವಾಹನ ನಿಯಮಗಳು ರೂಪುಗೊಂಡವು. 1939ರ ಕಾಯ್ದೆ ಕೈಸನ್ನೆಗಳನ್ನೂ ನಿಗದಿ ಮಾಡಿತು. ನಿಧಾನಿಸುವವನು ಬಲಗೈಯನ್ನು ಹೊರಗೆ ಚಾಚಿ, ಅಂಗೈಯನ್ನು ನೆಲದ ಕಡೆ ಮಾಡಿ ಮೇಲೆ ಕೆಳಗೆ ಆಡಿಸಬೇಕು; ನಿಲ್ಲಿಸುವವನು ಮುಂಗೈಯನ್ನು ವಾಹನದ ಬಲಕ್ಕೆ ನೇರವಾಗಿ ಎತ್ತಿ ಹಿಡಿಯಬೇಕು. ಹಿಂದಿನ ಕೆಂಪು ದೀಪ ಕೆಟ್ಟಿದ್ದರೂ ಹಿಂಬದಿಯವನಿಗೆ ಮಾತು ಮುಟ್ಟಿಸುವ ಈ ಸನ್ನೆಗಳು ಇಂದಿಗೂ ಕಲಿಕಾ ಪರವಾನಗಿಯ ಪ್ರಶ್ನೆಗಳಲ್ಲಿ ಉಳಿದಿವೆ, ಉಳಿಯುವುದು ಯುಕ್ತವೂ ಆಗಿದೆ. ಹೊಗೆಸೊಪ್ಪಿನ ಹೊರೆ ಕಟ್ಟಿದ ಸ್ಕೂಟರಿನ ಹಿಂದೀಪ ಹೊರೆಯ ಮರೆಗೆ ಬಿದ್ದಾಗ ಸವಾರನ ಕೈ ಒಂದೇ ಕಾಣುವ ಸಂಜ್ಞೆ. ಪರೀಕ್ಷೆ ನಡೆಸುವ ಮೋಟಾರು ವಾಹನ ನಿರೀಕ್ಷಕರನ್ನು ಜನರು ಬ್ರೇಕ್ ಇನ್‌ಸ್ಪೆಕ್ಟರ್ ಎಂದೇ ಕರೆಯುತ್ತ ಬಂದಿದ್ದಾರೆ. ವಾಹನದ ಬ್ರೇಕು ಹಿಡಿಯುತ್ತದೆಯೇ ಎಂದು ನೋಡುವುದೂ ಚಾಲಕನಿಗೆ ಹಿಡಿಯಲು ಬರುತ್ತದೆಯೇ ಎಂದು ನೋಡುವುದೂ ಅವರದೇ ಕೆಲಸವಾಗಿತ್ತು.

1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಅದರ ಜೊತೆ ಬಂದ ಕೇಂದ್ರ ನಿಯಮಗಳ 15ನೇ ನಿಯಮ ಪರೀಕ್ಷಾರ್ಥಿ ತೋರಿಸಬೇಕಾದ ಕೌಶಲಗಳನ್ನು ಒಂದೊಂದಾಗಿ ಹೇಳುತ್ತದೆ. ಅದರಲ್ಲಿ ನಿಲುಗಡೆಗೆ ಸಂಬಂಧಿಸಿದವು ಹಲವು. ತುರ್ತಿನಲ್ಲಿ ನಿಲ್ಲಿಸಲು ಬರಬೇಕು. ತುರ್ತಲ್ಲದಾಗ ತಕ್ಕ ಸಂಜ್ಞೆ ಕೊಟ್ಟು ರಸ್ತೆಯ ತಕ್ಕ ಜಾಗದಲ್ಲಿ ಸುರಕ್ಷಿತವಾಗಿ ನಿಲ್ಲಿಸಬೇಕು. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನೋ ಕಾಲುಬ್ರೇಕು ಮತ್ತು ಆಕ್ಸಿಲರೇಟರನ್ನೋ ಸರಿಯಾಗಿ ಬಳಸಿ, ಹಿಂದಕ್ಕೆ ಉರುಳದಂತೆ ಮತ್ತೆ ಹೊರಡಬೇಕು. ಸಂಜ್ಞೆ ಕೊಡುವ ಮೊದಲು ಹಿಂಗನ್ನಡಿ ನೋಡಬೇಕು. ಅದೇ ವರ್ಷದ ರಸ್ತೆ ನಿಯಮಾವಳಿ ಇನ್ನೆರಡು ಮಾತುಗಳನ್ನು ಸೇರಿಸಿತು: ಮುಂದಿನ ವಾಹನ ಹಠಾತ್ತನೆ ನಿಂತರೂ ಡಿಕ್ಕಿಯಾಗದಷ್ಟು ಅಂತರ ಇಟ್ಟುಕೊಳ್ಳಬೇಕು, ಸುರಕ್ಷತೆಗೆ ಅಗತ್ಯವಿಲ್ಲದೆ ಥಟ್ಟನೆ ಬ್ರೇಕು ಹಾಕಬಾರದು. ಹಿಂದೆ ಕ್ಲೀನರನ ಕೂಗು, ಕಂಡಕ್ಟರನ ಸೀಟಿ, ಆಳು ಕೊಟ್ಟ ಕಲ್ಲು ಮಾಡುತ್ತಿದ್ದ ಕೆಲಸಗಳು ಹೀಗೆ ಕಾನೂನಿನ ಒಂದೇ ಪಟ್ಟಿಯಲ್ಲಿ, ಒಬ್ಬನೇ ಚಾಲಕನ ಹೆಸರಿನಲ್ಲಿ ಸೇರಿಕೊಂಡವು.

ಒಂದೆಡೆ ಮಾತ್ರ ಕಾನೂನು ಹಳೆಯ ಹಂಚಿಕೆಯನ್ನು ಉಳಿಸಿಕೊಂಡಿತು. ಕಾವಲಿಲ್ಲದ ರೈಲ್ವೆ ಕ್ರಾಸಿಂಗ್ ಬಳಿ ಬಂದ ಪ್ರತಿಯೊಬ್ಬ ಚಾಲಕನೂ ವಾಹನ ನಿಲ್ಲಿಸಬೇಕು. ಕಂಡಕ್ಟರ್, ಕ್ಲೀನರ್ ಅಥವಾ ವಾಹನದಲ್ಲಿರುವ ಇನ್ನೊಬ್ಬರು ಇಳಿದು ಹಳಿಯವರೆಗೆ ನಡೆದುಹೋಗಿ ಎರಡೂ ಕಡೆಯಿಂದ ರೈಲು ಬರುತ್ತಿಲ್ಲವೆಂದು ನೋಡಿ ವಾಹನವನ್ನು ದಾಟಿಸಬೇಕು, ಬೇರೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ನೋಡಬೇಕು ಎಂದು 1988ರ ಕಾಯ್ದೆಯ 131ನೇ ಪ್ರಕರಣ ಹೇಳುತ್ತದೆ. ನಾಲ್ಕು ತಾಲ್ಲೂಕುಗಳಲ್ಲಿ ರೈಲು ಹಾದುಹೋಗುವುದು ಕೃಷ್ಣರಾಜನಗರದಲ್ಲಿ ಮಾತ್ರ. ಮೈಸೂರು ಅರಸೀಕೆರೆ ನಡುವಿನ ಈ ಮಾರ್ಗ ಸಂಸ್ಥಾನದ ಕಾಲದ್ದು, ಎಡತೊರೆಯ ಜನ ಕಾವೇರಿಯ 1924ರ ಮಹಾಪ್ರವಾಹದ ಬಳಿಕ ಕೃಷ್ಣರಾಜನಗರವೆಂಬ ಹೊಸ ಪಟ್ಟಣಕ್ಕೆ ನೆಲೆ ಬದಲಿಸುವ ಮೊದಲೇ ಹಾಕಿದ್ದು. ಭತ್ತದ ಕಣಜವೆಂದು ಹೆಸರಾದ ಆ ತಾಲ್ಲೂಕಿನ ಕಬ್ಬು, ಭತ್ತದ ಟ್ರ್ಯಾಕ್ಟರುಗಳ ಟ್ರೇಲರಿಗೆ ಹಲವು ವೇಳೆ ಸ್ವಂತ ಬ್ರೇಕೇ ಇಲ್ಲದ್ದರಿಂದ, ಟ್ರ್ಯಾಕ್ಟರು ನಿಂತರೂ ಹಿಂದಿನ ಹೇರು ನೂಕುವ ಅಪಾಯ ಬಂಡಿಯ ಕಾಲದ ಇಳಿಜಾರನ್ನು ನೆನಪಿಸುತ್ತದೆ.

ನಿಲ್ಲಿಸುವ ವಿದ್ಯೆಯನ್ನು ಕೈಚಳಕದಿಂದ ಲೆಕ್ಕಕ್ಕೆ ತಂದದ್ದು ವೇಗ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 8 ಮೀಟರಿಗೂ ಹೆಚ್ಚು ಸಾಗುತ್ತದೆ. ಅಪಾಯ ಕಂಡು ಪಾದ ಬ್ರೇಕಿಗೆ ಬರಲು ಒಂದು ಸೆಕೆಂಡು ಹಿಡಿದರೆ ಅಷ್ಟು ದೂರ ಬ್ರೇಕು ಹಿಡಿಯುವುದಕ್ಕೆ ಮುನ್ನವೇ ಹೋಗಿರುತ್ತದೆ. ಒಣಗಿದ ಟಾರಿನ ಮೇಲೆ ಬ್ರೇಕು ಚೆನ್ನಾಗಿ ಹಿಡಿದರೆ ಇನ್ನೊಂದು 6 ಮೀಟರ್ ಬೇಕು, ಒಟ್ಟು ಸುಮಾರು 14. ವೇಗ 60 ಆದರೆ ಯೋಚನೆಯ ದೂರ ಎರಡರಷ್ಟಾಗಿ, ಬ್ರೇಕಿನ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ನಾಲ್ಕರಷ್ಟಾಗಿ, ಒಟ್ಟು 40 ಮೀಟರಿನ ಹತ್ತಿರ ಬರುತ್ತದೆ. ಈಗ ರಾಷ್ಟ್ರೀಯ ಹೆದ್ದಾರಿ 275 ಎನಿಸಿದ, ಹುಣಸೂರು ಪಿರಿಯಾಪಟ್ಟಣಗಳ ಮೂಲಕ ಹಾಯುವ ರಸ್ತೆಯಲ್ಲಿ ಹಳ್ಳಿಯ ಅಡ್ಡರಸ್ತೆಯಿಂದ ದನಗಳೋ ಶಾಲೆಯ ಮಕ್ಕಳೋ ಬಂದಾಗ ಈ ಅಂಕಿಗಳೇ ಜೀವ ಮತ್ತು ಮರಣದ ನಡುವಿನ ಅಂತರ. ಎತ್ತಿನ ಬಂಡಿಗೆ ಇಂಥ ಲೆಕ್ಕದ ಅಗತ್ಯವಿರಲಿಲ್ಲ. ಅದು ಸಾಮಾನ್ಯವಾಗಿ ಮನುಷ್ಯನ ನಡಿಗೆಗಿಂತ ಹೆಚ್ಚು ವೇಗವಾಗಿ ಹೋಗುತ್ತಿರಲಿಲ್ಲ.

ದ್ವಿಚಕ್ರದ ಕಥೆಯನ್ನು ಇಲ್ಲಿ ಬಿಡುವಂತಿಲ್ಲ, ಏಕೆಂದರೆ ಹುಣಸೂರು ಮತ್ತು ಪಿರಿಯಾಪಟ್ಟಣದ ವರ್ಜೀನಿಯಾ ತಂಬಾಕು ಬೆಳೆಯುವ ಹಳ್ಳಿಗಳಲ್ಲಿ ಬಹುಜನರ ಮೊದಲ ಮೋಟಾರು ವಾಹನ ಹಗುರವಾದ ಮೊಪೆಡ್ಡೇ ಆಗಿತ್ತು. 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50ರಲ್ಲಿ ಕಾಲಿಗೆ ಗೇರಿನ ಕೆಲಸವಿರಲಿಲ್ಲ. ಸೈಕಲ್ಲಿನ ಅಭ್ಯಾಸದಂತೆ ಎರಡು ಕೈಬ್ರೇಕು ಹಿಡಿದರೆ ಆಯಿತು. ಆದರೆ ಸೈಕಲ್ಲಿನೊಡನೆಯೇ ಬಂದ ಒಂದು ಭಯ ಇಂದಿಗೂ ಬಿಟ್ಟಿಲ್ಲ. ಮುಂದಿನ ಬ್ರೇಕು ಹಿಡಿದರೆ ಮಗುಚಿ ಬೀಳುತ್ತೇವೆಂದು ಹಿಂದಿನದನ್ನೊಂದೇ ಒತ್ತುವವರು ಬಹಳ. ನಿಲ್ಲಿಸುವಾಗ ವಾಹನದ ಭಾರ ಮುಂಚಕ್ರಕ್ಕೆ ಸರಿಯುವುದರಿಂದ ಹಿಡಿತ ಹೆಚ್ಚಾಗಿರುವುದು ಮುಂದೆಯೇ. ಹಿಂದಿನದನ್ನು ಮಾತ್ರ ಬಲವಾಗಿ ಒತ್ತಿದರೆ ಹಗುರವಾದ ಹಿಂಚಕ್ರ ಸಿಕ್ಕಿಕೊಂಡು ಪಕ್ಕಕ್ಕೆ ಜಾರುತ್ತದೆ. ಹ್ಯಾಂಡಲ್ ನೇರವಾಗಿಟ್ಟು ಎರಡನ್ನೂ ಕ್ರಮೇಣ ಹಿಂಡುವುದು ಸರಿಯಾದ ರೀತಿ. ಪರೀಕ್ಷೆಯ ದಿನ ಎಂಟು ಹಾಕುವಾಗ, ಅಂದರೆ ಎಂಟರ ಆಕಾರದಲ್ಲಿ ಕಾಲೂರದೆ ತಿರುಗುವಾಗ, ವೇಗ ಬಹಳ ಕಡಿಮೆಯಿರುವುದರಿಂದ ಈ ತಪ್ಪು ಬಯಲಾಗುವುದಿಲ್ಲ. ಪರೀಕ್ಷೆಯ ನಿಜವಾದ ಕೊರತೆ ಇಲ್ಲಿದೆ: ಸಮತೋಲವನ್ನು ಅದು ನೋಡುತ್ತದೆ, ನಿಲುಗಡೆಯನ್ನು ನೋಡುವುದು ಕಡಿಮೆ.

ಕಾರು ಕಲಿಯುವವರಿಗೆ ಡ್ರೈವಿಂಗ್ ಶಾಲೆಯೇ ಗುರುಮನೆಯಾದದ್ದು ಕ್ಲೀನರ್ ಪರಂಪರೆ ಸಣ್ಣದಾದ ಮೇಲೆ. ಕೇಂದ್ರ ನಿಯಮಗಳ ಪ್ರಕಾರ ಸಾರಿಗೆಯೇತರ ವಾಹನದ ತರಬೇತಿ ಕನಿಷ್ಠ 21 ದಿನ ನಡೆದು, ಅದರಲ್ಲಿ 10 ಗಂಟೆಯಾದರೂ ನಿಜವಾದ ಚಾಲನೆ ಇರಬೇಕು. ಸಾರಿಗೆ ವಾಹನಕ್ಕೆ 30 ದಿನ ಮತ್ತು 15 ಗಂಟೆ. ಕನ್ನಡಿ, ಸಂಜ್ಞೆ, ಚಲನೆ ಎಂಬ ಕ್ರಮವನ್ನು ಆ ನಿಯಮಗಳ ಪಠ್ಯಕ್ರಮವೇ ಹೆಸರಿಸುತ್ತದೆ, ಏರಿಗೆ ಮುಖ ಮಾಡಿ ಮತ್ತು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದನ್ನು ಬೇರೆ ಬೇರೆ ಪಾಠಗಳಾಗಿ ಇಡುತ್ತದೆ. ಶಾಲೆಯ ಕಾರಿನಲ್ಲಿ ಶಿಕ್ಷಕನ ಕಾಲಡಿಯೂ ಒಂದು ಬ್ರೇಕ್ ಪೆಡಲ್ ಇರುವುದರಿಂದ ಕಲಿಯುವವರಿಗೆ ಧೈರ್ಯ ಬರುತ್ತದೆ, ಜೊತೆಗೆ ಒಂದು ದೌರ್ಬಲ್ಯವೂ ಬರುತ್ತದೆ; ತಾನು ತಡವಾಗಿ ಒತ್ತಿದರೂ ವಾಹನ ನಿಂತದ್ದು ತನ್ನಿಂದಲೇ ಎಂದು ಕಲಿಯುವವನಿಗೆ ಅನ್ನಿಸಬಹುದು. ಆರಂಭದವರ ಇನ್ನೊಂದು ಸಾಮಾನ್ಯ ತಪ್ಪು ಕ್ಲಚ್ಚನ್ನು ಬ್ರೇಕಿಗಿಂತ ಮೊದಲೇ ತುಳಿಯುವುದು. ಗಾಡಿ ಆಫ್ ಆಗುತ್ತದೆಂಬ ಹೆದರಿಕೆಯಿಂದ ಹಾಗೆ ಮಾಡಿದಾಗ ಇಂಜಿನ್ನಿನ ತಡೆ ಚಕ್ರಕ್ಕೆ ತಪ್ಪಿ, ಕಾರು ನಿಧಾನಿಸುವ ಬದಲು ಸಡಿಲವಾಗಿ ಮುಂದೆ ಹರಿಯುತ್ತದೆ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುವ ಹಳೆಯ ದುರಭ್ಯಾಸದಲ್ಲಿರುವ ದೋಷವೂ ಇದೇ, ಇಂಜಿನ್ನನ್ನೂ ಆರಿಸಿದರೆ ಬ್ರೇಕಿಗೆ ಬಲ ಕೂಡಿಸುವ ವ್ಯವಸ್ಥೆಯೂ ಸ್ವಲ್ಪ ಹೊತ್ತಿನಲ್ಲೇ ಸೋಲುತ್ತದೆ.

ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ದಕ್ಷಿಣ, ಪಶ್ಚಿಮಗಳ ರಸ್ತೆಗಳು ನಾಗರಹೊಳೆಯ ಕಾಡನ್ನು ಹಾಯುವುದರಿಂದ ಇಲ್ಲಿನ ಚಾಲಕರಿಗೆ ಬೇರೆ ಊರಿನವರಿಗಿಲ್ಲದ ಇನ್ನೊಂದು ಪಾಠವಿದೆ. ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯ ಕಾಡಿನ ಭಾಗದಲ್ಲಿ ರಾತ್ರಿ ಸಂಚಾರ ನಿಷಿದ್ಧ. ಹುಣಸೂರಿನಿಂದ ಗೋಣಿಕೊಪ್ಪಕ್ಕೆ ಹೋಗುವ ರಸ್ತೆ ಮತ್ತಿಗೋಡು ಆನೆ ಶಿಬಿರದ ಪಕ್ಕದಲ್ಲೇ ಸಾಗುತ್ತದೆ. 2018ರ ಅಕ್ಟೋಬರ್‌ನಲ್ಲಿ ಆ ಶಿಬಿರದ ರಂಗನೆಂಬ ಸಾಕಾನೆ ಬಸ್ಸು ಬಡಿದು ಸತ್ತದ್ದು ಈ ಸೀಮೆ ಮರೆಯದ ದುಃಖ. ಆನೆ ಅಡ್ಡ ಬಂದಾಗ ಸಾಕಷ್ಟು ದೂರದಲ್ಲೇ ಮೆಲ್ಲಗೆ ನಿಲ್ಲಬೇಕು, ಹಾರ್ನ್ ಮಾಡಬಾರದು, ಇಂಜಿನ್ನನ್ನು ಏರಿಸಬಾರದು, ಹಿಂದೆ ಸರಿಯಲು ಜಾಗ ಉಳಿಸಿಕೊಂಡಿರಬೇಕು. ಪರೀಕ್ಷೆಯ ಯಾವ ಪಟ್ಟಿಯಲ್ಲೂ ಇದು ಇಲ್ಲ. ಕಾಡಂಚಿನ ಊರುಗಳ ಚಾಲಕರು ಇದನ್ನು ಒಬ್ಬರಿಂದೊಬ್ಬರು ಕಲಿಯುತ್ತಾರೆ.

ಈಚಿನ ವರ್ಷಗಳಲ್ಲಿ ಪರೀಕ್ಷೆಯೂ ವಾಹನವೂ ಒಟ್ಟಿಗೆ ಬದಲಾಗುತ್ತಿವೆ. ಬೆಂಗಳೂರಿನ ಜ್ಞಾನಭಾರತಿಯಂಥ ಕಡೆ ಆರಂಭವಾದ ಗಣಕೀಕೃತ ಪರೀಕ್ಷಾ ಪಥಗಳಲ್ಲಿ ಏರಿನ ಮೇಲೆ ನಿಂತ ಕಾರು ಹಿಂದಕ್ಕೆ ಜಾರಿತೇ ಎಂಬುದನ್ನು ಸಂವೇದಕಗಳು ಅಳೆಯುತ್ತವೆ. ಅಳತೆ ನಿಷ್ಪಕ್ಷಪಾತವಾದದ್ದು ಎಂಬುದು ದೊಡ್ಡ ಲಾಭ. ಆದರೆ ನಿಲ್ಲಿಸುವ ಮೊದಲು ಚಾಲಕನ ಕಣ್ಣು ಕನ್ನಡಿಗೆ ಹೋಯಿತೇ, ಪಾದ ಕೊನೆಯಲ್ಲಿ ಸಡಿಲಾಯಿತೇ ಎಂಬುದನ್ನು ತಿಳಿಯಲು ಪಕ್ಕದಲ್ಲಿ ಕೂತ ಅನುಭವಿ ಪರೀಕ್ಷಕನೇ ಬೇಕು. ಇನ್ನು 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ 125 ಸಿಸಿಗೆ ಮೇಲ್ಪಟ್ಟ ಬೈಕುಗಳಿಗೂ ಕಡ್ಡಾಯವಾದ ಎಬಿಎಸ್, ಅಂದರೆ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ, ಹಳೆಯ ಪಾಠವೊಂದನ್ನು ತಲೆಕೆಳಗು ಮಾಡಿದೆ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ತುಳಿ ಎಂದು ಲಾರಿಯ ಕಾಲದವರು ಕಲಿಸಿದ್ದು ಅವರ ವಾಹನಕ್ಕೆ ಸರಿಯಾಗಿತ್ತು. ಎಬಿಎಸ್ ಇರುವ ಕಾರಿನಲ್ಲಿ ಆ ಬಿಡುವಿಕೆಯನ್ನು ಯಂತ್ರವೇ ಸೆಕೆಂಡಿಗೆ ಹಲವು ಬಾರಿ ಮಾಡುವುದರಿಂದ, ತುರ್ತಿನಲ್ಲಿ ಚಾಲಕ ಬಲವಾಗಿ ತುಳಿದು ಹಾಗೆಯೇ ಹಿಡಿದಿದ್ದು ಸ್ಟಿಯರಿಂಗನ್ನು ಮಾತ್ರ ತಿರುಗಿಸಿಕೊಳ್ಳಬೇಕು. ಹುಣಸೂರಿನಂಥ ಊರುಗಳಲ್ಲಿ ಶಾಲೆಯ ಹಳೆಯ ಕಾರಿನಲ್ಲಿ ಕಲಿತು ಮನೆಯ ಹೊಸ ಕಾರಿಗೆ ಹೋಗುವ ಹೆಣ್ಣುಮಕ್ಕಳಿಗೂ ಹುಡುಗರಿಗೂ, ಗಟ್ಟಿಯಾಗಿ ಒತ್ತಿದ ಪೆಡಲ್ ಪಾದದಡಿ ಕಟಕಟ ನಡುಗಿದರೆ ಅದು ಕೆಟ್ಟದ್ದಲ್ಲ, ಹೆದರಿ ಕಾಲು ತೆಗೆಯಬಾರದು ಎಂಬುದನ್ನು ಖಾಲಿ ರಸ್ತೆಯಲ್ಲಿ ಒಮ್ಮೆಯಾದರೂ ಮಾಡಿಸಿ ತೋರಿಸುವುದು ಈಗ ಕಲಿಸುವವರ ಪಾಲಿಗೆ ಬಂದ ಹೊಸ ಕೆಲಸ.